ಪುಟ್ಟ ನಾಯಿಯನ್ನು ಕಂಕುಳಿಂದ ಇಳಿಸು

ಪ್ರೀತಿಯ ಪುಟ್ಟೀ,

ನಿನ್ನ ಪೊಮೆರೇನಿಯನ್‌ಗೆ ರ್‍ಯಾಲಿ ಕಲಿಸುವ ಆಸೆ ಇದೆ, ಇಷ್ಟು ಚಿಕ್ಕ ನಾಯಿಗೆ ಅದು ಆದೀತೇ ಎಂದು ಕೇಳಿದ್ದೀಯ. ಖಂಡಿತ ಆಗುತ್ತದೆ. ಮೊದಲು ಅದನ್ನು ಕಂಕುಳಿಂದ ಇಳಿಸಿ ನೆಲದ ಮೇಲೆ ನಡೆಯಲು ಬಿಡು.

ಸಾಲಾಗಿ ಇಟ್ಟ ಫಲಕಗಳನ್ನು ಓದುತ್ತ, ಅದರಲ್ಲಿ ಬರೆದದ್ದನ್ನು ನಾಯಿಯಿಂದ ಮಾಡಿಸುತ್ತ ಸಾಗುವುದೇ ರ್‍ಯಾಲಿ. ಬಡ್ ಕ್ರೇಮರ್ ರೂಪಿಸಿದ ಈ ಆಟಕ್ಕೆ ಅಮೆರಿಕನ್ ಕೆನೆಲ್ ಕ್ಲಬ್ 2005ರಿಂದ ಟೈಟಲ್ ಕೊಡುತ್ತಿದೆ. ನೀನಿರುವ ಅಮೆರಿಕದಲ್ಲಿ ಅವಕಾಶಕ್ಕೆ ಕೊರತೆಯಿಲ್ಲ. ನಾವಿಸ್ ಎಂಬ ಆರಂಭದ ಹಂತದಲ್ಲಿ 10ರಿಂದ 15 ಫಲಕಗಳಿರುತ್ತವೆ: ನಿಂತು ಕೂರಿಸು, ಮಲಗಿಸು, ಪೂರ್ತಿ ಸುತ್ತು ಹಾಕು, ಕೋನ್‌ಗಳ ನಡುವೆ ಅಂಕುಡೊಂಕಾಗಿ ನಡೆ. ಲೀಶ್ ಇದ್ದೇ ಇರುತ್ತದೆ, ಹೈಜಂಪ್ ಇಲ್ಲ. 100ಕ್ಕೆ 70 ಅಂಕ ಬಂದರೆ ಅರ್ಹತೆ. ಅಂಥ ಮೂರು ಅರ್ಹತೆಗೆ ಟೈಟಲ್. ಸಮಯ ಲೆಕ್ಕಕ್ಕೆ ಬರುವುದು ಅಂಕ ಸಮವಾದಾಗ ಮಾತ್ರ. ಹಾಗಾಗಿ ಗಿಡ್ಡ ಕಾಲೆಂದು ಹೆದರಬೇಡ.

ತೀರ್ಪುಗಾರರು ಹೊರಡಲು ಹೇಳಿದ ಮೇಲೆ ಫಲಕಗಳನ್ನು ನೀನೇ ಓದಿಕೊಂಡು ಸಾಗಬೇಕು. ನಾಯಿಯನ್ನು ಮಾತಾಡಿಸಬಹುದು, ಹುರಿದುಂಬಿಸಬಹುದು. ಮುಟ್ಟುವಂತಿಲ್ಲ, ತಿನಿಸು ಕೊಡುವಂತಿಲ್ಲ. 'ಕೂತ್ಕೋ', 'ಬಾ' ಎಂದು ಕನ್ನಡದಲ್ಲೇ ಕಲಿಸು. ಬಾಯಲ್ಲಿ ಸಲೀಸಾಗಿ ಬರುವ ಮಾತಿನಲ್ಲೇ ಅಕ್ಕರೆಯೂ ಸಲೀಸು.

ಚಿಕ್ಕ ನಾಯಿಯ ಕಷ್ಟವೆಲ್ಲ ಎತ್ತರದ್ದು. ಅಭ್ಯಾಸದಲ್ಲಿ ತಿನಿಸನ್ನು ಸೊಂಟದ ಹತ್ತಿರ ಹಿಡಿದರೆ ಅದು ಕತ್ತೆತ್ತಿ ನೋಡುತ್ತ ನಡೆಯುತ್ತದೆ, ಮುಂಗಾಲುಗಳು ಎಗರುತ್ತವೆ, ಹಿಂಭಾಗ ಹೊರಕ್ಕೆ ಸರಿದು ಸೊಟ್ಟಗೆ ಕೂರುತ್ತದೆ. ನೀನು ಬಗ್ಗಿದರೋ, ಮೈಮೇಲೆ ಬಿದ್ದ ಹಾಗಾಗಿ ಅದು ಹಿಂದೆ ಸರಿಯುತ್ತದೆ. ಉದ್ದ ಹಿಡಿಯ ಮರದ ಸೌಟಿಗೆ ಕಡಲೆಕಾಯಿ ಬೆಣ್ಣೆ ಸವರಿ, ನಿನ್ನ ಎಡಗಾಲಿನ ಪಕ್ಕ ಅದರ ಮೂಗಿನ ಮಟ್ಟಕ್ಕೆ ಹಿಡಿ. ಜೈಲಿಟಾಲ್ ಎಂಬ ಸಿಹಿಕಾರಕ ಇಲ್ಲದ ಬೆಣ್ಣೆಯನ್ನೇ ತಾ. ಆ ಸಿಹಿಕಾರಕ ನಾಯಿಗೆ ವಿಷ. ಬೇಯಿಸಿದ ಕೋಳಿಯಾದರೆ ಬೇಳೆಯಷ್ಟು ಚೂರು ಸಾಕು.

ಕತ್ತಿನ ಪಟ್ಟಿ ಹಿಡಿದು ಎಂದೂ ಜಗ್ಗಬೇಡ. ಈ ತಳಿಗೆ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು. ಅಭ್ಯಾಸಕ್ಕೆ ಹಾರ್ನೆಸ್, ಹಗುರ ಲೀಶ್ ಇರಲಿ. ಮಂಡಿಚಿಪ್ಪು ಜಾರುವುದೂ ಇವುಗಳಲ್ಲಿ ಸಾಮಾನ್ಯ, ಒಮ್ಮೆ ಪಶುವೈದ್ಯರಿಗೆ ತೋರಿಸು. ಒದ್ದೆ ಹುಲ್ಲಿನ ಮೇಲೆ ಕೂರಲು ಹಿಂಜರಿದರೆ ಗದರಬೇಡ, ಅದರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ನೋಡು. ಮನೆಯ ಒಣ ಚಾಪೆಯಿಂದ ಶುರುಮಾಡಿ ಮೆಲ್ಲಗೆ ಹೊರಗೆ ಒಯ್ಯಿ.

ಮುದ್ದಿನ ಬೊಂಬೆಯೆಂದು ಎತ್ತಿಕೊಂಡೇ ಇಟ್ಟರೆ ಅದರ ಜಾಣತನ ನಮಗೆ ಕಾಣುವುದೇ ಇಲ್ಲ. ಒಂದು ಸ್ಪರ್ಧೆಗೆ ಪ್ರೇಕ್ಷಕಳಾಗಿ ಹೋಗಿ ಬಾ. ಅಷ್ಟರಲ್ಲಿ 'ನಿಂತು ಕೂರಿಸು' ಎಂಬ ಒಂದೇ ಫಲಕ ಬರೆದು, ದಿನಕ್ಕೆ ಐದು ನಿಮಿಷ ಆಡಿಸು. ಅದಕ್ಕೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸು. ಮರುದಿನ ಅದೇ ನಿನ್ನನ್ನು ಕರೆಯುತ್ತದೆ.

ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ