ರೂಟರ್ ಹೊಸದು, ಇಂಟರ್‌ನೆಟ್ ಇಲ್ಲ: ದೋಷ ಹುಡುಕುವ ಕ್ರಮ

ಹೊಸ ರೂಟರ್ ಕೂರಿಸಿದ ಮೇಲೆ ಇಂಟರ್‌ನೆಟ್ ಬಾರದಿದ್ದರೆ ಅನೇಕ ಸಲ ಕೆಟ್ಟಿರುವುದು ರೂಟರೂ ಅಲ್ಲ, ಲೈನೂ ಅಲ್ಲ. ಸಂಪರ್ಕ ಕೊಟ್ಟ ದಿನ ಸಿಬ್ಬಂದಿ ಹಳೆಯ ರೂಟರಿಗೆ ತುಂಬಿದ್ದ ಯೂಸರ್ ಐಡಿ, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಹೊಸದರಲ್ಲಿ ಇರುವುದಿಲ್ಲ. ಆದ್ದರಿಂದ ಹಳೆಯದನ್ನು ಕಳಚುವ ಮೊದಲೇ ಅದರ ಸೆಟ್ಟಿಂಗ್ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅದು ಆಗಿಲ್ಲವಾದರೆ ಗೋಡೆಯಿಂದ ಮೊಬೈಲಿನ ಕಡೆಗೆ, ಒಂದೊಂದೇ ಹಂತವಾಗಿ ಪರೀಕ್ಷಿಸಬೇಕು.

1. ಬದಲಾದದ್ದು ಯಾವ ಪೆಟ್ಟಿಗೆ?

ಫೈಬರ್ ಸಂಪರ್ಕದಲ್ಲಿ ಎರಡು ಕೆಲಸಗಳಿವೆ. ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವುದು ಒಎನ್‌ಟಿ. ಅದನ್ನು ಮನೆಯ ಸಾಧನಗಳಿಗೆ ಹಂಚುವುದು ರೂಟರ್. ಕೆಲವೆಡೆ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ತೆಳ್ಳನೆಯ ಫೈಬರ್ ತಂತಿ ನೇರವಾಗಿ ಸೇರುವ ಪೆಟ್ಟಿಗೆಯನ್ನೇ ಬದಲಿಸಿದ್ದರೆ ಅದರ ಸೀರಿಯಲ್ ಸಂಖ್ಯೆ ಕಂಪನಿಯ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾವ ಸೆಟ್ಟಿಂಗ್ ತಿದ್ದಿದರೂ ಫಲವಿಲ್ಲ. ತಾಮ್ರದ ದೂರವಾಣಿ ಲೈನಿಗೆಂದು ತಂದಿದ್ದ ಎಡಿಎಸ್‌ಎಲ್ ಮೋಡೆಮ್‌ಗೆ ಫೈಬರ್ ತಂತಿ ಜೋಡಿಸಲು ಬರುವುದಿಲ್ಲ.

2. ಒಎನ್‌ಟಿಯ ಲೈಟ್‌ಗಳು

‘ಪಾನ್’ ಲೈಟ್ ಮಿನುಗದೆ ಹಸಿರಾಗಿ ಉರಿಯುತ್ತಿದ್ದರೆ ಎಕ್ಸ್‌ಚೇಂಜ್‌ವರೆಗಿನ ದಾರಿ ಸರಿಯಿದೆ. ಅದು ಮಿನುಗುತ್ತಲೇ ಇದ್ದರೆ ನೋಂದಣಿ ಮುಗಿದಿಲ್ಲ. ‘ಲಾಸ್’ ಲೈಟ್ ಕೆಂಪಗಿದ್ದರೆ ಬೆಳಕು ಬರುತ್ತಿಲ್ಲ: ಪಿನ್ ಸಡಿಲವಾಗಿರಬಹುದು, ತಂತಿ ಮಡಚಿರಬಹುದು, ಇಲಿ ಕಡಿದಿರಬಹುದು. ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ (ಬಂದು ತಲುಪುವ ಬೆಳಕಿನ ಬಲ) ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ಕಡಿಯುತ್ತಿರುತ್ತದೆ. ಹಸಿರು ಪಿನ್ನಿನ ತುದಿ ಓರೆಯಾಗಿರುತ್ತದೆ, ನೀಲಿಯದು ಹಾಗಿರುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂಬಾರದು. ಅದರೊಳಗಿನ ಬೆಳಕು ಕಣ್ಣಿಗೆ ಕಾಣದು, ಆದರೆ ಅಪಾಯ ತರಬಲ್ಲದು.

3. ಕೇಬಲ್ ಮತ್ತು ಕರೆಂಟು

ರೂಟರ್ ಬೇರೆಯಾಗಿದ್ದರೆ ಒಎನ್‌ಟಿಯ ‘ಲ್ಯಾನ್ 1’ರಿಂದ ಹೊರಟ ಕೇಬಲ್ ರೂಟರಿನ ‘ವ್ಯಾನ್’ ಪೋರ್ಟ್ ಸೇರಬೇಕು. ಅಕ್ಕಪಕ್ಕದ ಲ್ಯಾನ್ ಪೋರ್ಟ್‌ಗೆ ಸಿಕ್ಕಿಸುವುದು ಸಾಮಾನ್ಯ ತಪ್ಪು. ಅಡಾಪ್ಟರುಗಳ ಪಿನ್ ಒಂದೇ ಅಳತೆಯದಾದರೂ ವೋಲ್ಟೇಜ್ ಬೇರೆ ಇರಬಹುದು. ಆಯಾ ಪೆಟ್ಟಿಗೆಯದನ್ನೇ ಬಳಸಬೇಕು. ಎರಡನ್ನೂ ಆರಿಸಿ, ಮೊದಲು ಒಎನ್‌ಟಿ ಹಾಕಿ, ಅದರ ಲೈಟ್ ನಿಂತ ಮೇಲೆ ರೂಟರ್ ಹಾಕುವುದು ಸರಿಯಾದ ಕ್ರಮ.

4. ಲಾಗಿನ್ ವಿವರ

ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಬ್ರೌಸರಿನಲ್ಲಿ ತೆರೆದರೆ ಸೆಟ್ಟಿಂಗ್ ಪುಟ ಬರುತ್ತದೆ. ಒಎನ್‌ಟಿ ‘ಬ್ರಿಡ್ಜ್’ ವಿಧಾನದಲ್ಲಿದ್ದರೆ, ಅಂದರೆ ತಾನು ಲಾಗಿನ್ ಆಗದಿದ್ದರೆ, ರೂಟರಿನಲ್ಲಿ ‘ಪಿಪಿಪಿಒಇ’ ಆರಿಸಿ ಐಡಿ, ಪಾಸ್‌ವರ್ಡ್ ತುಂಬಬೇಕು. ಒಎನ್‌ಟಿಯೇ ಲಾಗಿನ್ ಆಗುತ್ತಿದ್ದರೆ ರೂಟರಿಗೆ ‘ಡೈನಮಿಕ್ ಐಪಿ’ ಸಾಕು.

ಬಿಎಸ್‌ಎನ್‌ಎಲ್ ಫೈಬರ್ ಐಡಿಯಲ್ಲಿ ಸಾಮಾನ್ಯವಾಗಿ ಎಸ್‌ಟಿಡಿ ಕೋಡ್ ಸಹಿತ ದೂರವಾಣಿ ಸಂಖ್ಯೆ ಇರುತ್ತದೆ. ಉದಾಹರಣೆಗೆ, ಚಿಕ್ಕಬಳ್ಳಾಪುರದ ಕೋಡ್ 08156, ಗೌರಿಬಿದನೂರಿನದು 08155, ಚಿಂತಾಮಣಿಯದು 08154, ಶಿಡ್ಲಘಟ್ಟದ್ದು 08158. ಕೊನೆಯ ಒಂದಂಕಿ ತಪ್ಪಿದರೂ ಲಾಗಿನ್ ಆಗದು. ಸೊನ್ನೆ, ಕೆಳಗೀಟು, ಚುಕ್ಕಿ ಎಲ್ಲವೂ ದಾಖಲೆಯಲ್ಲಿದ್ದಂತೆಯೇ ಇರಬೇಕು. ವಿಲ್ಯಾನ್ ಸಂಖ್ಯೆ ಎಲ್ಲ ಕಡೆ ಒಂದೇ ಅಲ್ಲ. ಅದನ್ನು ಸ್ಥಳೀಯ ಕಚೇರಿಯಿಂದಲೋ ಲೈನ್ ಕೊಟ್ಟ ಫ್ರಾಂಚೈಸಿಯಿಂದಲೋ ಪಡೆಯಬೇಕು. ಹಳೆಯ ರೂಟರಿನ ಲಾಗಿನ್ ಇನ್ನೂ ಜೀವಂತವಿದ್ದರೆ ಹೊಸದು ತಿರಸ್ಕೃತವಾಗಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸಬೇಕು.

ಕೆಲವು ಕೇಬಲ್ ಆಪರೇಟರುಗಳು ಗ್ರಾಹಕರ ರೂಟರಿನ ‘ಮ್ಯಾಕ್’ ವಿಳಾಸಕ್ಕೆ ಸಂಪರ್ಕವನ್ನು ಬಿಗಿದಿರುತ್ತಾರೆ. ಅಲ್ಲಿ ಹೊಸ ವಿಳಾಸ ಬರೆಸಬೇಕು, ಇಲ್ಲವೇ ‘ಮ್ಯಾಕ್ ಕ್ಲೋನ್’ನಲ್ಲಿ ಹಳೆಯದನ್ನು ನಮೂದಿಸಬೇಕು.

5. ಒಂದೇ ವಿಳಾಸದ ಘರ್ಷಣೆ

ಒಎನ್‌ಟಿ, ರೂಟರ್ ಎರಡಕ್ಕೂ 192.168.1.1 ವಿಳಾಸವೇ ಇದ್ದರೆ ವೈ-ಫೈ ಸಿಕ್ಕರೂ ಇಂಟರ್‌ನೆಟ್ ಬಾರದು. ರೂಟರಿನ ವಿಳಾಸವನ್ನು 192.168.2.1 ಎಂದು ಬದಲಿಸಿದರೆ ಈ ತೊಡಕು ನೀಗುತ್ತದೆ.

6. ವೈ-ಫೈ

ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿದಾಗ ಇಂಟರ್‌ನೆಟ್ ಬಂದರೆ ಉಳಿದ ದೋಷ ವೈ-ಫೈಯದು. ಹಳೆಯ ಹೆಸರು, ಪಾಸ್‌ವರ್ಡುಗಳನ್ನೇ ಇಟ್ಟರೆ ಟಿವಿ, ಮೊಬೈಲುಗಳು ಸಾಮಾನ್ಯವಾಗಿ ತಾವಾಗಿ ಸೇರಿಕೊಳ್ಳುತ್ತವೆ. ಅನೇಕ ಸಿಸಿಟಿವಿ ಕ್ಯಾಮೆರಾ, ಹಳೆಯ ಫೋನುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಸಿಗುತ್ತದೆ; ಅದನ್ನು ಆರಿಸಿಡಬಾರದು. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ದಪ್ಪ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಒತ್ತಾದ ಮನೆಗಳ ಬೀದಿಯಲ್ಲಿ 2.4ರ ಚಾನೆಲ್ 1, 6 ಅಥವಾ 11ರಲ್ಲಿ ಖಾಲಿಯಿರುವುದನ್ನು ಆರಿಸಬೇಕು.

7. ಅರೆಬರೆ ಸಂಪರ್ಕ

ವಾಟ್ಸ್‌ಆ್ಯಪ್ ಬಂದರೂ ವೆಬ್‌ಸೈಟುಗಳು ತೆರೆಯದಿದ್ದರೆ ಡಿಎನ್‌ಎಸ್‌ಗೆ 8.8.8.8 ಅಥವಾ 1.1.1.1 ಹಾಕಿ ನೋಡಬಹುದು. ಕೆಲವೇ ತಾಣಗಳು ಅರ್ಧಕ್ಕೆ ನಿಂತರೆ ‘ಎಂಟಿಯು’ (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇದೆಯೇ ಎಂದು ನೋಡಬೇಕು. 1500 ಬೈಟ್‌ಗಳಲ್ಲಿ 8 ಬೈಟ್ ಪಿಪಿಪಿಒಇಗೇ ಹೋಗುತ್ತದೆ. ಇಂಟರ್‌ನೆಟ್ ಇದ್ದು ಲ್ಯಾಂಡ್‌ಲೈನ್ ಮಾತ್ರ ಸತ್ತಿದ್ದರೆ, ಹೊಸ ಒಎನ್‌ಟಿಗೆ ಧ್ವನಿಕರೆಯ ಸೆಟ್ಟಿಂಗನ್ನು ಕಂಪನಿಯೇ ತುಂಬಬೇಕು.

8. ದೂರು

ಲಾಸ್ ಕೆಂಪಗಿದ್ದರೆ ಅಥವಾ ನೋಂದಣಿ ಬಾಕಿಯಿದ್ದರೆ ದೂರು ಕೊಡುವುದೇ ದಾರಿ. ಬಿಎಸ್‌ಎನ್‌ಎಲ್ ಗ್ರಾಹಕರಿಗೆ 1800-4444 ಉಚಿತ ಕರೆ ಸಂಖ್ಯೆ ಇದೆ. ‘ನೆಟ್ ಇಲ್ಲ’ ಎಂದಷ್ಟೇ ಹೇಳದೆ, ಯಾವ ಲೈಟ್ ಹೇಗಿದೆ, ಆರ್‌ಎಕ್ಸ್ ಪವರ್ ಎಷ್ಟು, ಹೊಸ ಪೆಟ್ಟಿಗೆಯ ಸೀರಿಯಲ್ ಸಂಖ್ಯೆ ಯಾವುದು, ಪರದೆಯಲ್ಲಿ ಬಂದ ದೋಷದ ಸಂದೇಶವೇನು ಎಂಬುದನ್ನು ತಿಳಿಸಿ ದೂರಿನ ಡಾಕೆಟ್ ಸಂಖ್ಯೆ ಬರೆದುಕೊಳ್ಳಬೇಕು. ಯಾವುದೇ ಕಂಪನಿಯ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2012ರ ದೂರು ಪರಿಹಾರ ನಿಯಮಗಳಡಿ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅದೇ ಡಾಕೆಟ್ ಸಂಖ್ಯೆ ಕೊಟ್ಟು ಶುಲ್ಕವಿಲ್ಲದೆ ಮೊರೆ ಹೋಗಬಹುದು.