ಸಂವಿಧಾನದ ಸ್ವಾತಂತ್ರ್ಯಗಳು ಮತ್ತು ನಾಗರಿಕನ ಹೊಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲೆಗಳಲ್ಲಿ ಮಕ್ಕಳು ಮೂಲಭೂತ ಹಕ್ಕುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದುಂಟು. ಆ ಹಕ್ಕುಗಳನ್ನು ಸಂಸತ್ತೇ ತಿದ್ದುಪಡಿಯ ಮೂಲಕ ಅಳಿಸಿಹಾಕಬಹುದೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ವಿರಳ. ಅದಕ್ಕೆ ಉತ್ತರ ದೊರೆತದ್ದು ಕಾಸರಗೋಡು ಸೀಮೆಯ ಮಠವೊಂದರ ಮೊಕದ್ದಮೆಯಿಂದ.

ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದಗಳನ್ನು ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಭೂಮಿಯ ವಿಷಯದಲ್ಲಿ ಸ್ವಾಮಿಗಳಿಗೆ ಜಯ ದೊರೆಯಲಿಲ್ಲ. ಆದರೆ ಸಂಸತ್ತು ಸಂವಿಧಾನವನ್ನು ತಿದ್ದಬಹುದೇ ಹೊರತು ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂಬ ತತ್ತ್ವ ಸ್ಥಿರಪಟ್ಟಿತು. ಏಳು ಮಂದಿ ಪರ, ಆರು ಮಂದಿ ವಿರುದ್ಧ. ಒಂದೇ ಮತದ ಅಂತರ!

ಹಾಗೆಂದು ನ್ಯಾಯಾಲಯವೊಂದನ್ನೇ ನೆಚ್ಚಿ ಕೂಡುವಂತಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಮೊರೆಯನ್ನು ಅದೇ ನ್ಯಾಯಾಲಯ ಮನ್ನಿಸಲಿಲ್ಲ. 1977ರಲ್ಲಿ ದೇಶದ ಮತದಾರರು ಸರ್ಕಾರವನ್ನು ಬದಲಿಸಿದ ಮೇಲೆ ಬಂದ 1978ರ 44ನೆಯ ತಿದ್ದುಪಡಿಯೇ, ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಯಲಾಗದಂತೆ ಮಾಡಿತು.

ಆದುದರಿಂದ ಉಪಾಧ್ಯಾಯ ಮಿತ್ರರು ಹಕ್ಕುಗಳ ಹೆಸರನ್ನು ಕಲಿಸುವುದರೊಂದಿಗೆ 32 ಮತ್ತು 226ನೆಯ ವಿಧಿಗಳನ್ನೂ ತಿಳಿಸಿಕೊಡಬೇಕು. ಹಕ್ಕಿಗೆ ಭಂಗ ಬಂದಾಗ ಸಾಮಾನ್ಯ ರೈತನೂ ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳ ಬಾಗಿಲು ತಟ್ಟಬಹುದೆಂದು ಹೇಳುವ ವಿಧಿಗಳಿವು. ಮೊರೆಯಿಡುವವನೂ, ಮತ ನೀಡುವವನೂ ತನ್ನ ಹಕ್ಕನ್ನು ಅರಿತಿದ್ದರೆ ಮಾತ್ರ ಸಂವಿಧಾನ ಬಾಳೀತು.