ಗೃಹರಕ್ಷಣೆಯ ಕೋವಿ: ಶಾಸನವು ತೋರುವ ಆಯ್ಕೆ

ಮಲೆನಾಡಿನ ತೋಟದ ನಡುವೆ, ನೆರೆಮನೆಯ ದೀಪವೂ ಕಾಣದ ಒಂಟಿಮನೆಯಲ್ಲಿ ವಾಸಿಸುವ ಗೃಹಸ್ಥನು, ಇರುಳಿನ ಭೀತಿಯನ್ನು ನೀಗಿಕೊಳ್ಳಲು ಆಯುಧವೊಂದನ್ನು ಕೊಳ್ಳಬೇಕೆಂದು ಸಂಕಲ್ಪಿಸಿದಾಗ, ಜೋಡುನಳಿಗೆಯ ಕೋವಿ ಲೇಸೋ ದಿಂಬಿನಡಿ ಅಡಗುವ ರಿವಾಲ್ವರು ಲೇಸೋ ಎಂದು ಮೊದಲು ಅಂಗಡಿಯವನನ್ನೇ ಕೇಳುತ್ತಾನೆ; ಆ ಪ್ರಶ್ನೆಗೆ ಅರ್ಧ ಉತ್ತರವು 1959ರ ಆಯುಧ ಅಧಿನಿಯಮದಲ್ಲೇ ಇದೆಯೆಂಬುದನ್ನು ಅರಿತವರು ವಿರಳ.

ಆ ಅಧಿನಿಯಮದ 13ನೆಯ ಪ್ರಕರಣವು, 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೆಂದು ಬೇಡುವ ಭಾರತೀಯ ಪ್ರಜೆಗೆ, 14ನೆಯ ಪ್ರಕರಣದ ಅಡ್ಡಿಗಳಾವುವೂ ಇಲ್ಲದಿದ್ದಲ್ಲಿ, ಪರವಾನಗಿಯನ್ನು ಕೊಡತಕ್ಕದ್ದೆಂದೇ ವಿಧಿಸುತ್ತದೆ. ರಿವಾಲ್ವರು, ಪಿಸ್ತೂಲು, ರೈಫಲುಗಳ ವಿಷಯದಲ್ಲಾದರೋ, ತಕ್ಕ ಕಾರಣವುಂಟೆಂದು ಅಧಿಕಾರಿಗೆ ಮನದಟ್ಟಾಗಬೇಕು. ಆದುದರಿಂದ ಸಾಮಾನ್ಯ ಗೃಹಸ್ಥನು ಚರೆ ಹಾರಿಸುವ ಹನ್ನೆರಡು ಬೋರಿನ ಕೋವಿಯನ್ನು ಆರಿಸಿಕೊಳ್ಳುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ಕುದುರೆಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುವ ಸ್ವಯಂಚಾಲಿತ ಆಯುಧಗಳು ನಿಷಿದ್ಧವರ್ಗಕ್ಕೆ ಸೇರಿದವು. ಅವುಗಳ ಮಾತೇ ಬೇಡ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ ಸಲ್ಲುತ್ತದೆ. ಸಮೀಪದ ಠಾಣೆಯಿಂದ ವರದಿಯನ್ನು ತರಿಸಿಕೊಂಡು, ವಿಚಾರಣೆ ನಡೆಸಿ, ಅಧಿಕಾರಿಯು ನಿರ್ಣಯಿಸುತ್ತಾನೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಪರವಾನಗಿಯನ್ನು ನಿರಾಕರಿಸಕೂಡದೆಂಬ ಮಾತು ಅಧಿನಿಯಮದಲ್ಲೇ ಇದ್ದು, ಬಡ ಸಾಗುವಳಿದಾರನು ಇದನ್ನು ಅವಶ್ಯವಾಗಿ ನೆನಪಿನಲ್ಲಿಡಬೇಕು. ನಿರಾಕರಿಸಿದ ಅಧಿಕಾರಿಯು ಕಾರಣಗಳನ್ನು ಬರೆದಿಡಲೇಬೇಕು; ಕೇಳಿದರೆ, ಸಾರ್ವಜನಿಕ ಹಿತಕ್ಕೆ ಬಾಧಕವಾಗದಿದ್ದಲ್ಲಿ, ಅವುಗಳ ಸಂಕ್ಷೇಪವನ್ನು ಕೊಡಬೇಕು; 18ನೆಯ ಪ್ರಕರಣದ ಮೇರೆಗೆ ಮೇಲ್ಮನವಿಯೂ ಉಂಟು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿಯು 5 ವರ್ಷಗಳಿಗೆ ಏರಿತು, ಒಬ್ಬನು ಇರಿಸಿಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು. ಪರವಾನಗಿಯಿಲ್ಲದೆ ಬಂದೂಕನ್ನಿಟ್ಟುಕೊಂಡವನಿಗೆ 2ರಿಂದ 5 ವರ್ಷಗಳ ಕಾರಾವಾಸವೂ ದಂಡವೂ ಕಾದಿವೆ.

ಕೊಡಗಿನ ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯು ಈಗ 2029ರ ಅಕ್ಟೋಬರ್ 31ರವರೆಗೆ ಸಲ್ಲುತ್ತಿದ್ದು, ಕರ್ನಾಟಕದ ಉಚ್ಚ ನ್ಯಾಯಾಲಯವೂ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಕೊಡಗಿನಲ್ಲಿ ನೆಲಸಿದ ಮಾತ್ರಕ್ಕೆ ಯಾರಿಗೂ ಅದು ಒದಗುವುದಿಲ್ಲ.

ಪರವಾನಗಿಯು ವ್ಯಕ್ತಿಗೆ ಸೇರಿದುದೇ ಹೊರತು ಮನೆಗಲ್ಲ. ಯಜಮಾನನು ಊರಿನಲ್ಲಿಲ್ಲದಾಗ ಮಗನು ಆ ಕೋವಿಯನ್ನು ತೆಗೆದು ಹಾರಿಸಲು ಅಧಿಕಾರವಿಲ್ಲ. ಆದುದರಿಂದ ಅದನ್ನು ಗೋಡೆಯ ಗೂಟಕ್ಕೆ ತೂಗುಹಾಕದೆ, ಬೀಗವುಳ್ಳ ಉಕ್ಕಿನ ಬೀರುವಿನಲ್ಲಿ, ತೋಟೆಗಳನ್ನು ಬೇರೆಯಾಗಿಯೂ ಮಕ್ಕಳ ಕೈಗೆಟುಕದಂತೆಯೂ ಇಡುವುದು ಆಯುಧದ ಆಯ್ಕೆಗಿಂತ ಹಿರಿದಾದ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಇನ್ನು ಕೋವಿಯ ಪ್ರಯೋಗ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ದೇಹವನ್ನೂ ಸ್ವತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಕೊಡುತ್ತವೆ; ಸೂರ್ಯಾಸ್ತದ ಅನಂತರ, ಸೂರ್ಯೋದಯಕ್ಕೆ ಮುನ್ನ, ಕನ್ನವಿಕ್ಕಿ ಮನೆಯೊಳಗೆ ನುಗ್ಗಿದವನ ವಿಷಯದಲ್ಲಿ ಆ ಹಕ್ಕು ಪ್ರಾಣಹಾನಿಯವರೆಗೂ ವ್ಯಾಪಿಸೀತು. ಆದರೆ ಹಗಲಿನಲ್ಲಿ ತೋಟಕ್ಕೆ ಹೊಕ್ಕು ಮೆಣಸು ಕದಿಯುವವನಿಂದ ಸಾವಿನ ಅಥವಾ ಘೋರ ಗಾಯದ ಭಯಕ್ಕೆ ಕಾರಣವಿಲ್ಲದಿರುವಾಗ ಅವನನ್ನು ಗುಂಡಿಕ್ಕಿ ಕೊಂದವನಿಗೆ ಆ ಹಕ್ಕಿನ ಆಸರೆಯಿಲ್ಲ. ಪೊಲೀಸರ ನೆರವನ್ನು ಕೋರಲು ಸಮಯವಿದ್ದೂ ಕೋರದವನಿಗೂ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಿದವನಿಗೂ ಇಲ್ಲ.

ಯಜಮಾನನು ಗತಿಸಿದ ಮನೆಯಲ್ಲಿ, ಉತ್ತರಕ್ರಿಯೆಗಳ ಗಡಿಬಿಡಿಯಲ್ಲಿ, ಕೋವಿಯು ಬೀರುವಿನಲ್ಲೇ ಮರೆತುಹೋಗುವುದುಂಟು. ನಿರಪರಾಧಿಗಳಾದ ಮಕ್ಕಳು ಮೊಕದ್ದಮೆಗೆ ಸಿಲುಕುವುದು ಹೀಗೆ. ಕೋವಿಯನ್ನು ವಿಳಂಬವಿಲ್ಲದೆ ಠಾಣೆಗಾಗಲಿ ಪರವಾನಗಿಯುಳ್ಳ ವ್ಯಾಪಾರಿಗಾಗಲಿ ಒಪ್ಪಿಸಿ, ರಸೀದಿ ಪಡೆದು, ಆ ಮೇಲೆ ವಾರಸುದಾರನು ತನ್ನ ಹೆಸರಿಗೆ ಪರವಾನಗಿಯನ್ನು ಕೋರಬೇಕು. ಯಜಮಾನನಿಗೆ 70 ವರ್ಷ ತುಂಬಿದ್ದಲ್ಲಿ, ಇಲ್ಲವೇ ಅವನು 25 ವರ್ಷ ಕೋವಿಯನ್ನಿಟ್ಟುಕೊಂಡಿದ್ದಲ್ಲಿ, ಅವನು ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ಮಾಡಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವುಂಟು.